ಅರ್ಥ್‌ಸೀಗೆ ಮರಳುವ ಸುಖ

ಪ್ರಿಯ ಓದುಗರೇ,

ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ, ಅರ್ಥ್‌ಸೀ ಎಂಬ ಮಾಂತ್ರಿಕರ ದ್ವೀಪಲೋಕದ ಕಾದಂಬರಿಗಳನ್ನು ಮತ್ತೆ ಮತ್ತೆ ಓದುತ್ತೀರಿ. ‘ಕಥೆ ಗೊತ್ತಿದ್ದೂ ಓದುವುದೇಕೆ, ಓದದ ಪುಸ್ತಕಗಳು ರಾಶಿ ಬಿದ್ದಿವೆಯಲ್ಲ’ ಎನ್ನುವ ಮನೆಯವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಕಥೆ ಗೊತ್ತಿರುವುದರಿಂದಲೇ ಓದುತ್ತೇನೆ ಎಂದು ಹೇಳಿ.

ಮೊದಲ ಕಾದಂಬರಿ 1968ರದು. ಗರ್ವದಿಂದ ತಾನೇ ಬಿಡುಗಡೆ ಮಾಡಿದ ನೆರಳಿಗೆ ಹೆದರಿ ತರುಣ ಮಾಂತ್ರಿಕ ಗೆಡ್ ದ್ವೀಪದಿಂದ ದ್ವೀಪಕ್ಕೆ ಓಡುತ್ತಾನೆ. ಮೊದಲ ಸಲ ನಾವೂ ಉಸಿರು ಬಿಗಿಹಿಡಿದು ಅವನ ಹಿಂದೆ ಓಡುತ್ತೇವೆ. ಆ ನೆರಳಿನ ಹೆಸರೂ ಗೆಡ್ ಎಂದೇ ಎಂಬುದು ತಿಳಿದ ಮೇಲೆ ಪುಸ್ತಕ ತೆರೆದರೆ ಭಯ ಇಳಿದು ಮರುಕ ಹುಟ್ಟುತ್ತದೆ. ಹಿಂದೆ ಅವಸರದಲ್ಲಿ ದಾಟಿದ್ದ ಪುಟವೊಂದು ಆಗ ಹಿಡಿದು ನಿಲ್ಲಿಸುತ್ತದೆ. ಅರ್ಥ್‌ಸೀಯಲ್ಲಿ ಒಬ್ಬನ ನಿಜನಾಮ ಬಲ್ಲವನ ಕೈಯಲ್ಲಿ ಅವನ ಪ್ರಾಣವೇ ಇರುತ್ತದೆ. ಮುಖದ ಮೇಲೆ ನೆರಳಿನ ಗಾಯದ ಕಲೆ ಹೊತ್ತು ಕುಗ್ಗಿಹೋದ ಗೆಡ್‌ಗೆ ಗೆಳೆಯ ವೆಚ್ ತನ್ನ ನಿಜನಾಮವನ್ನು ತಾನಾಗಿಯೇ ಹೇಳಿಬಿಡುತ್ತಾನೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಮಂತ್ರ ನನಗೆ ಕಂಡಿಲ್ಲ.

ಈ ಲೋಕವನ್ನು ಮರಳಿ ಓದಿದವರಲ್ಲಿ ಲೇಖಕಿಯೇ ಮೊದಲಿಗರು. ಮೂರನೆಯ ಕಾದಂಬರಿ 1972ರಲ್ಲಿ ಬಂದರೆ ನಾಲ್ಕನೆಯ ‘ತೆಹಾನು’ ಬಂದದ್ದು 1990ರಲ್ಲಿ. ಅದರಲ್ಲಿ ನಡುವಯಸ್ಸಿನ ವಿಧವೆ ತೆನಾರ್, ಬೆಂಕಿಯಲ್ಲಿ ಬೆಂದ ಪುಟ್ಟ ಹುಡುಗಿ, ಮಾಂತ್ರಿಕ ಶಕ್ತಿಯನ್ನೆಲ್ಲ ಕಳೆದುಕೊಂಡ ಗೆಡ್ ಒಂದೇ ಸೂರಿನಡಿ ಬದುಕು ಕಟ್ಟಿಕೊಳ್ಳುತ್ತಾರೆ. ಅದನ್ನು ಓದಿ ಮೊದಲ ಪುಸ್ತಕಕ್ಕೆ ಬಂದರೆ, ಹೆಂಗಸರ ಮಾಟವೆಂದರೆ ದುರ್ಬಲ, ದುಷ್ಟ ಎನ್ನುವ ಅಲ್ಲಿನ ಗಾದೆ ಚುಚ್ಚುತ್ತದೆ. ಗೆಡ್‌ಗೆ ಮೊಟ್ಟಮೊದಲ ಮಂತ್ರ ಕಲಿಸಿದವಳು ಅವನ ತಾಯಿಯ ಸೋದರಿ, ಹಳ್ಳಿಯ ಮಾಟಗಾತಿ ಎಂಬುದು ನೆನಪಿದೆಯೇ? ಮೊದಲ ಓದಿನಲ್ಲಿ ಯಾರು ಅವಳ ಬಳಿ ನಿಂತಾರು!

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸತ್ತವರ ಒಣನಾಡು. ಮೂರನೆಯ ಕಾದಂಬರಿಯಲ್ಲಿ, ಪ್ರೀತಿಗಾಗಿ ಪ್ರಾಣ ಬಿಟ್ಟವರೂ ಅಲ್ಲಿನ ಬೀದಿಗಳಲ್ಲಿ ಒಬ್ಬರನ್ನೊಬ್ಬರು ಲಕ್ಷಿಸದೆ ಹಾದುಹೋಗುತ್ತಾರೆ. ಸಾವೆಂದರೆ ಹೀಗೆಯೇ ಎಂದು ನಾವು ಒಪ್ಪಿಕೊಂಡಿದ್ದೆವು. 2001ರ ‘ದಿ ಅದರ್ ವಿಂಡ್’ನಲ್ಲಿ ಗೊತ್ತಾಗುತ್ತದೆ, ಆ ನಾಡು ಅಮರತ್ವದ ಆಸೆಗೆ ಬಿದ್ದ ಹಳೆಯ ಮಾಂತ್ರಿಕರ ಕೃತ್ಯ, ಅಲ್ಲಿರುವವರು ಸೆರೆಯಾಳುಗಳು. ಕೊನೆಗೆ ಸತ್ತವರೂ ಬದುಕಿದ್ದವರೂ ಸೇರಿ, ಬದುಕಿದ್ದವರ ಲೋಕದಿಂದ ಅದನ್ನು ಬೇರ್ಪಡಿಸಿದ್ದ ಗೋಡೆಯ ಕಲ್ಲುಗಳನ್ನು ಕಿತ್ತು ಉರುಳಿಸುತ್ತಾರೆ. ಮೂವತ್ತು ವರ್ಷ ಹಿಂದೆ ತಾನೇ ಕಟ್ಟಿದ ಗೋಡೆಯನ್ನು ಎಪ್ಪತ್ತು ದಾಟಿದ ಲೇಖಕಿ ಕೆಡವಿದ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಮುಂದಿನ ಸಲ ‘ದಿ ಅದರ್ ವಿಂಡ್’ ಮುಗಿಸಿದ ಕೂಡಲೇ ಮೂರನೆಯದನ್ನು ತೆರೆಯಿರಿ. ಆ ಬೀದಿಗಳು ನಿಮಗೆ ಹೇಗೆ ಕಂಡವೆಂದು ಬರೆಯಿರಿ. ಆ ಪತ್ರವನ್ನೂ ಪ್ರಕಟಿಸುತ್ತೇವೆ.

– ಸಂಪಾದಕ