ನಿಮಗೆ ತುಂಬಾ ಇಷ್ಟವಾದ ಮ್ಯೂಸಿಕಲ್ ನಾಟಕಗಳ ಕ್ಯಾಸ್ಟ್ ಆಲ್ಬಮ್ ಯಾವುವು? ಯಾಕೆ ಇಷ್ಟ?

ಯೋಚನೆ ಮಾಡದೆ ಹೇಳುವುದಾದರೆ, 'ಕಂಪನಿ'. 1970ರ ಮೂಲ ಬ್ರಾಡ್‌ವೇ (ನ್ಯೂಯಾರ್ಕ್ ರಂಗಭೂಮಿಯ) ತಂಡದ್ದು, ಹಾಡುಗಳು ಸ್ಟೀಫನ್ ಸೊಂಡ್‌ಹೈಮ್ ಅವರವು.

ಕ್ಯಾಸ್ಟ್ ಆಲ್ಬಮ್ ಅಂದರೆ ರಂಗದ ಮೇಲೆ ಪಾತ್ರ ಮಾಡಿದವರೇ ಹಾಡಿದ್ದು. ಹಾಗಾಗಿ ಇಲ್ಲಿ ಸಿಹಿ ಕಂಠಕ್ಕಿಂತ ಪಾತ್ರದ ದನಿ ಮುಖ್ಯ. 'ಕಂಪನಿ'ಯಲ್ಲಿ ನಟಿ ಇಲೇನ್ ಸ್ಟ್ರಿಚ್ ಅವರ ದನಿ ಒರಟು, ಸ್ವಲ್ಪ ಕಹಿ. ಆದರೆ ಅವರ ಪಾತ್ರದ ಸಿಟ್ಟು, ಸುಸ್ತು, ವ್ಯಂಗ್ಯ ಎಲ್ಲವೂ ಅದರಲ್ಲೇ ಇದೆ. ರೆಕಾರ್ಡಿಂಗ್ ದಿನ ಅವರ ಹಾಡಿನ ಸರದಿ ಬರುವಾಗ ತುಂಬಾ ತಡವಾಗಿತ್ತು. ಟೇಕ್ ಮೇಲೆ ಟೇಕ್ ಆದರೂ ಹಾಡು ಕೂಡಿಬರಲಿಲ್ಲ. ಕೊನೆಗೆ ವಾದ್ಯಗಳನ್ನಷ್ಟೇ ರೆಕಾರ್ಡ್ ಮಾಡಿಕೊಂಡರು. ಅವರು ಇನ್ನೊಂದು ದಿನ ಬಂದು ಅದರ ಮೇಲೆ ಹಾಡಿ ಗೆದ್ದರು. ಪೆನ್ನೆಬೇಕರ್ ಅವರ ಸಾಕ್ಷ್ಯಚಿತ್ರದಲ್ಲಿ ಇದೆಲ್ಲ ಸೆರೆಯಾಗಿದೆ. ಅದನ್ನು ನೋಡಿದ ಮೇಲೆ ಆ ಹಾಡನ್ನು ಸುಮ್ನೆ ಕೇಳಲು ಆಗುವುದೇ ಇಲ್ಲ.

ಎರಡನೆಯದು 2015ರ 'ಹ್ಯಾಮಿಲ್ಟನ್'. ನಾಟಕದ ಬಹುಪಾಲು ಹಾಡು, ರ‍್ಯಾಪ್‌ನಲ್ಲೇ ಸಾಗುತ್ತದೆ. ಆದ್ದರಿಂದ ಟಿಕೆಟ್ ಸಿಗದವರೂ 46 ಟ್ರ್ಯಾಕ್ ಕೇಳಿಯೇ ಕಥೆ ಹಿಡಿಯಬಹುದು. ಒಂದೇ ಪಟ್ಟಿಗೆ ಎಲ್ಲವನ್ನೂ ಕೇಳುವುದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸಬಹುದು, ಎರಡು ಗಂಟೆಗೂ ಮೀರಿದೆ.

ಇನ್ನು 1956ರ 'ಮೈ ಫೇರ್ ಲೇಡಿ'. ರೆಕ್ಸ್ ಹ್ಯಾರಿಸನ್ ಅದರಲ್ಲಿ ಹಾಡುವುದಕ್ಕಿಂತ ತಾಳಕ್ಕೆ ಸರಿಯಾಗಿ ಮಾತಾಡುವುದೇ ಹೆಚ್ಚು. ಅವರು ಮಾಡಿದ ಜಂಬದ ಪ್ರೊಫೆಸರ್ ಪಾತ್ರಕ್ಕೆ ಅದೇ ಸರಿ, ಅಲ್ವಾ?