ಆ ‘ಅಲೋ’ ಒತ್ತಿದ್ದು ಯಾರು?

ಈ ಸಲ ಓದುಗರಿಂದ ಬಂದ ಕಂಪ್ಯೂಟರ್ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಕರೀದೇ ಇದ್ರೂ ಬರೋ ಜಾಹೀರಾತು, ಮುಚ್ಚಿದ್ರೂ ಹೋಗದೇ ಇರೋ ಪಾಪ್‌ಅಪ್ಪು, ಕೇಳದೇ ಬಂದು ಕೂತಿರೋ ಸಾಫ್ಟ್‌ವೇರು. ಅದಕ್ಕೇ ಪ್ರಿಂಟರ್ ಪ್ರಶ್ನೆ ಕೇಳಿದವರು ಇನ್ನೊಂದು ತಿಂಗಳು ತಡ್ಕೊಳ್ಳಿ, ಇವತ್ತು ಬರೀ ಇದೇ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಲ್ಯಾಪ್‌ಟಾಪ್‌ನ ಕೆಳಗಡೆ ಬಲಮೂಲೆಯಲ್ಲಿ ಹತ್ತು ನಿಮಿಷಕ್ಕೊಂದ್ಸಲ ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈಗಲೇ ಸ್ಕ್ಯಾನ್ ಮಾಡಿ’ ಅಂತ ಚೀಟಿ ಥರ ಬರುತ್ತೆ, ಒಮ್ಮೊಮ್ಮೆ ನೋಡಬಾರದ ಚಿತ್ರಾನೂ ಬರುತ್ತೆ, ಮನೇಲಿ ಮೊಮ್ಮಕ್ಕಳಿದಾರೆ, ಮುಜುಗರ ಆಗುತ್ತೆ. ಆಂಟಿವೈರಸ್ ಹಾಕಿ ನೋಡಿದ್ರೆ ಏನೂ ಇಲ್ಲ ಅನ್ನುತ್ತೆ. ಅಂಗಡಿಯವರು ಫಾರ್ಮ್ಯಾಟ್ ಮಾಡ್ಬೇಕು, 1,500 ರೂಪಾಯಿ ಅಂತಿದಾರೆ. ಮಾಡಿಸ್ಲಾ?
— ತೀರ್ಥಹಳ್ಳಿಯಿಂದ

ಉತ್ತರ: ಬೇಡ ಮೇಷ್ಟ್ರೇ, ದುಡ್ಡು ಜೇಬಲ್ಲೇ ಇರ್ಲಿ. ಮುಂದಿನ ಸಲ ಆ ಚೀಟಿ ಬಂದಾಗ ಗಾಬರಿ ಬೀಳದೇ ಒಂದು ಕ್ಷಣ ಸರಿಯಾಗಿ ನೋಡಿ, ಸಣ್ಣಕ್ಷರದಲ್ಲಿ ಗೂಗಲ್ ಕ್ರೋಮ್ ಅಂತ ಇರುತ್ತೆ, ಜೊತೆಗೆ ಯಾವುದೋ ತಲೆಬುಡ ಇಲ್ಲದ ವೆಬ್‌ಸೈಟ್ ಹೆಸರು. ಅಂದ್ರೆ ಇದನ್ನ ಕಳಿಸ್ತಿರೋದು ವಿಂಡೋಸೂ ಅಲ್ಲ, ನಿಮ್ಮ ಆಂಟಿವೈರಸ್ಸೂ ಅಲ್ಲ, ನೀವು ಯಾವತ್ತೋ ಒಂದಿನ ಹೋಗಿಬಂದ ಸೈಟು. ನ್ಯೂಸ್ ಸೈಟುಗಳು, ಮೇಲ್ ಸೈಟುಗಳು ಹೊಸ ಸುದ್ದಿ ಬಂದ್ರೆ ತಿಳಿಸೋಕೆ ಅಂತ ಬ್ರೌಸರ್‌ನಲ್ಲಿ ನೋಟಿಫಿಕೇಶನ್ ಅನ್ನೋ ಸೌಕರ್ಯ ಇದೆ, ಅದನ್ನೇ ಇವ್ರು ಜಾಹೀರಾತು ತುಂಬೋಕೆ ಬಳಸ್ತಾರೆ. ಸ್ಕ್ಯಾನಲ್ಲಿ ಏನೂ ಸಿಗದೇ ಇರೋದು ಅದಕ್ಕೇ. ಕಂಪ್ಯೂಟರ್ ಒಳಗೆ ಕೆಟ್ಟ ಫೈಲೇ ಇಲ್ಲ, ಇರೋದು ಒಂದು ಪರ್ಮಿಷನ್, ಅದನ್ನ ಕೊಟ್ಟಿರೋದು ನೀವೋ ಮೊಮ್ಮಕ್ಕಳೋ, ಯಾರೋ ಒಬ್ರು.

ಕೊಡಿಸ್ಕೊಳ್ಳೋ ರೀತಿ ಮಾತ್ರ ಚೆನ್ನಾಗಿದೆ. ಪಿಯುಸಿ ರಿಸಲ್ಟ್ ದಿನ ನೆನಪು ಮಾಡ್ಕೊಳ್ಳಿ, ಸರ್ಕಾರದ ರಿಸಲ್ಟ್ ಸೈಟು ಜನಜಂಗುಳಿಗೆ ಓಪನ್ನೇ ಆಗಲ್ಲ, ಮನೆಯವ್ರೆಲ್ಲ ಲ್ಯಾಪ್‌ಟಾಪ್ ಸುತ್ತ ನಿಂತಿರ್ತಾರೆ, ಗೂಗಲ್‌ನಲ್ಲಿ ಸಿಕ್ಕ ಇನ್ಯಾವುದೋ ಸೈಟ್ ಒತ್ತಿದ್ರೆ ಒಂದು ರೋಬೋಟ್ ಚಿತ್ರ ಬಂದು ‘ನೀವು ರೋಬೋಟ್ ಅಲ್ಲ ಅಂದ್ರೆ ಅಲೋ ಒತ್ತಿ’ ಅನ್ನುತ್ತೆ, ಅಲೋ ಅಂದ್ರೆ ಪರ್ಮಿಷನ್ ಕೊಟ್ಟೆ ಅಂತ. ಆ ಆತುರದಲ್ಲಿ ಯಾರು ಓದ್ತಾರೆ, ಒತ್ತೇ ಒತ್ತುತಾರೆ. ನಿಜವಾದ ರೋಬೋಟ್ ಪರೀಕ್ಷೆ ಪೇಜಿನ ಒಳಗೇ ಇರುತ್ತೆ, ಟಿಕ್ ಮಾಡು, ಬಸ್ಸಿನ ಚಿತ್ರ ಆರಿಸು ಅನ್ನುತ್ತೆ, ಅದು ನೋಟಿಫಿಕೇಶನ್ ಪರ್ಮಿಷನ್ ಕೇಳೋದೇ ಇಲ್ಲ. ಮೇಲ್ಗಡೆ ಎಡಕ್ಕೆ ಗಂಟೆ ಗುರುತಿನ ಜೊತೆ ಅಲೋ, ಬ್ಲಾಕ್ ಅಂತ ಬಂತು ಅಂದ್ರೆ ಅದು ನೋಟಿಫಿಕೇಶನ್ ಪರ್ಮಿಷನ್ ಕಿತ್ಕೊಳ್ಳೋ ಕೆಲಸಾನೇ. ಫಲಿತಾಂಶಕ್ಕೆ ಕೆಎಆರ್‌ರಿಸಲ್ಟ್ಸ್ ಡಾಟ್ ಎನ್‌ಐಸಿ ಡಾಟ್ ಇನ್ ಒಂದೇ ಸಾಕು, ಅರ್ಧ ಗಂಟೆ ತಡ ಆದ್ರೆ ಮಾರ್ಕ್ಸೇನು ಕಮ್ಮಿ ಆಗಲ್ಲ.

ತೆಗೆಯೋದು ಹೀಗೆ. ಕ್ರೋಮ್‌ನ ಮೂಲೆಲಿರೋ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸಿಗೆ ಹೋಗಿ, ಪ್ರೈವಸಿ ಅಂಡ್ ಸೆಕ್ಯೂರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಕೆಳಗೆ ಪರ್ಮಿಷನ್ ಇರೋ ಸೈಟುಗಳ ಪಟ್ಟಿ ಕಾಣುತ್ತೆ, ಗುರುತಿಲ್ಲದ ಪ್ರತಿಯೊಂದರ ಪಕ್ಕದ ಚುಕ್ಕಿ ಒತ್ತಿ ಬ್ಲಾಕ್ ಅನ್ನಿ. ರಿಮೂವ್ ಅಂತಾನೂ ಇರುತ್ತೆ, ಆದ್ರೆ ರಿಮೂವ್ ಮಾಡಿದ್ರೆ ಆ ಸೈಟು ಇನ್ನೊಂದ್ಸಲ ಬಂದು ಕೇಳ್ಬಹುದು, ಬ್ಲಾಕ್ ಆದ್ರೆ ಕೇಳೋ ಹಾಗೇ ಇಲ್ಲ. ಅದೇ ಪೇಜಲ್ಲಿ ಮೇಲ್ಗಡೆ ಯಾವ ಸೈಟೂ ನೋಟಿಫಿಕೇಶನ್ ಕಳಿಸೋದು ಬೇಡ ಅನ್ನೋ ಆಯ್ಕೆ ಇದೆ, ನಾನಂತೂ ಅದನ್ನೇ ಇಟ್ಕೊಂಡಿದೀನಿ, ಇಷ್ಟು ವರ್ಷದಲ್ಲಿ ಏನೂ ಕಳ್ಕೊಂಡಿಲ್ಲ. ಎಡ್ಜ್, ಫೈರ್‌ಫಾಕ್ಸ್‌ನಲ್ಲೂ ಇಂಥದ್ದೇ ಪಟ್ಟಿ ಇದೆ, ಮೊಬೈಲ್ ಕ್ರೋಮಲ್ಲೂ ಇದೆ.

ಪ್ರಶ್ನೆ: ನಮಸ್ಕಾರ್ರೀ ಸರ, ನಂದು ಸಣ್ಣ ಡಿಟಿಪಿ ಅಂಗಡಿ. ಹೊಸ ಕಂಪ್ಯೂಟರಿಗೆ ಕನ್ನಡ ಟೈಪ್ ಮಾಡೂ ನುಡಿ ಸಾಫ್ಟ್‌ವೇರ್ ಹಾಕೂಣು ಅಂತ ಗೂಗಲ್‌ನಾಗ ಹುಡುಕಿ ಡೌನ್‌ಲೋಡ್ ಮಾಡಿದೆ. ನುಡಿ ಬರಲೇ ಇಲ್ಲ, ಅದರ ಬದ್ಲಿ ಕ್ರೋಮ್ ತೆಗದ್ರ ಬ್ಯಾರೇ ಯಾವುದೋ ಸರ್ಚ್ ಪೇಜ್ ಬರ್ತದ, ‘ಪಿಸಿ ಕ್ಲೀನ್ ಮಾಡ್ತೀನಿ ರೊಕ್ಕ ಕೊಡು’ ಅನ್ನೂದೊಂದು ಕುಂತದ, ತಗದ್ರ ಮತ್ತ ಬರ್ತದ. ಏನ್ ಮಾಡ್ಲಿ?
— ಗದಗದಿಂದ

ಉತ್ತರ: ಅಣ್ಣಾರೆ, ನೀವು ಒತ್ತಿದ್ದು ಡೌನ್‌ಲೋಡ್ ಬಟನ್ ಅಲ್ಲ, ಡೌನ್‌ಲೋಡ್ ಬಟನ್ ಥರ ವೇಷ ಹಾಕಿದ ಜಾಹೀರಾತು. ಆ ಪೇಜುಗಳಲ್ಲಿ ಹಸಿರು ಬಣ್ಣದ ದೊಡ್ಡ ಬಟನ್ ಮೂರ್ನಾಲ್ಕು ಇರ್ತವೆ, ಅಸಲಿದು ಎಲ್ಲೋ ಮೂಲೇಲಿ ಸಣ್ಣ ನೀಲಿ ಅಕ್ಷರದಲ್ಲಿ ಇರುತ್ತೆ, ಒಮ್ಮೊಮ್ಮೆ ಇರೋದೇ ಇಲ್ಲ. ಇನ್ನು ಕೆಲವು ಕಡೆ ಅಸಲಿ ಸಾಫ್ಟ್‌ವೇರೇ ಬರುತ್ತೆ, ಆದ್ರೆ ಬಾಲ ಕಟ್ಕೊಂಡು ಬರುತ್ತೆ, ಸೆಟಪ್ ಮಾಡೋವಾಗ ನೆಕ್ಸ್ಟ್ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತಾ ಹೋದ್ರೆ ಮಧ್ಯೆ ಒಂದು ಕಡೆ ಮೊದಲೇ ಟಿಕ್ ಹಾಕಿಟ್ಟ ಡಬ್ಬಿ ಇರುತ್ತೆ, ಅದು ಒಳಗೆ ಬಿಟ್ಕೊಳ್ಳೋ ಬಾಗಿಲು. ಇದೇನು ಕಳ್ಳ ಸೈಟುಗಳ ಕೆಲಸ ಮಾತ್ರ ಅಂದ್ಕೋಬೇಡಿ, ಜಾವಾ ಅನ್ನೋ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದಾಗಲೆಲ್ಲ ಬ್ರೌಸರಿನ ತಲೆ ಮೇಲೆ ಆಸ್ಕ್ ಟೂಲ್‌ಬಾರ್ ಅನ್ನೋ ಪಟ್ಟಿ ಬಂದು ಅಂಟ್ಕೊಳ್ತಿದ್ದ ಕಾಲ ನಮ್ಮ ವಯಸ್ಸಿನವರಿಗೆ ನೆನಪಿರುತ್ತೆ. ಆಗ ನಾನು ಹೋಗ್ತಿದ್ದ ಸೈಬರ್ ಕೆಫೆಯ ಒಂದು ಸಿಸ್ಟಮ್‌ನಲ್ಲಿ ಟೂಲ್‌ಬಾರ್ ಮೇಲೆ ಟೂಲ್‌ಬಾರ್ ಕೂತು ಪೇಜು ಕಾಣೋಕೆ ಕೈಯಗಲ ಜಾಗ ಉಳ್ದಿತ್ತು, ಓನರ್ ಅದನ್ನ ‘ಫುಲ್ ಫೆಸಿಲಿಟಿ’ ಅಂತ ತೋರಿಸ್ತಿದ್ದ.

2017ರಲ್ಲಿ ಚೆಕ್ ಪಾಯಿಂಟ್ ಅನ್ನೋ ಸೆಕ್ಯೂರಿಟಿ ಕಂಪನಿ ಫೈರ್‌ಬಾಲ್ ಅನ್ನೋ ಆ್ಯಡ್‌ವೇರ್ (ಜಾಹೀರಾತು ತುರುಕೋ ಸಾಫ್ಟ್‌ವೇರ್) ಬಗ್ಗೆ ಹೇಳ್ತು, ಪ್ರಪಂಚದಲ್ಲಿ 25 ಕೋಟಿ ಕಂಪ್ಯೂಟರಿಗೆ ಹರಡಿದೆ, ಅದ್ರಲ್ಲಿ ಎರಡೂವರೆ ಕೋಟಿ ಭಾರತದಲ್ಲೇ ಅಂತ. ಈ ಲೆಕ್ಕ ಉಬ್ಬಿಸಿದ್ದು ಅಂತ ಮೈಕ್ರೋಸಾಫ್ಟ್ ತಕರಾರು ತೆಗೀತು, ಅದು ಬೇರೆ ಮಾತು, ಆದ್ರೆ ಹರಡಿದ ದಾರಿ ನಿಮಗಾದ ಹಾಗೇನೇ, ಪುಕ್ಕಟೆ ಸಾಫ್ಟ್‌ವೇರಿನ ಬಾಲ ಹಿಡ್ಕೊಂಡು. ಸರ್ಚ್ ಪೇಜ್ ಬದಲಾಯಿಸಿದ್ರೆ ನೀವು ಹುಡುಕಿದಾಗಲೆಲ್ಲ ಅವ್ರಿಗೆ ಕಾಸು, ಅದಕ್ಕೇ ಇಷ್ಟೆಲ್ಲ.

ಈಗ ತೆಗೆಯೋದು. ಮೊದಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ತೆಗೆದು ಪಟ್ಟೀನ ತಾರೀಕಿನ ಪ್ರಕಾರ ಜೋಡಿಸಿ, ನೀವು ಆ ನಕಲಿ ನುಡಿ ಹಾಕಿದ ದಿನ ಇನ್ನೇನೇನು ಬಂದಿದೆ ಅಂತ ಅಲ್ಲೇ ಗೊತ್ತಾಗುತ್ತೆ, ಅವೆಲ್ಲ ಒಂದೊಂದಾಗಿ ಅನ್‌ಇನ್‌ಸ್ಟಾಲ್. ‘ಹೋಗ್ಬೇಡಿ, ಅರ್ಧ ರೇಟಿಗೆ ಕೊಡ್ತೀನಿ’ ಅಂತ ಅಳುತ್ತೆ, ಕರಗ್ಬೇಡಿ. ಆಮೇಲೆ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ಸ್ (ಬ್ರೌಸರಿಗೆ ಅಂಟಿಸೋ ಪುಟ್ಟ ಸಾಫ್ಟ್‌ವೇರುಗಳು) ತೆಗೆದು ನೀವೇ ಹಾಕಿದ್ದಲ್ಲ ಅನ್ನಿಸಿದ್ದೆಲ್ಲ ರಿಮೂವ್, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್, ಬುಕ್‌ಮಾರ್ಕು ಪಾಸ್‌ವರ್ಡು ಏನೂ ಹೋಗಲ್ಲ. ಅದಾದ್ಮೇಲೆ ಮಾಲ್‌ವೇರ್‌ಬೈಟ್ಸ್ ಕಂಪನಿಯ ಆಡ್‌ಡಬ್ಲ್ಯುಕ್ಲೀನರ್ ಅಂತ ಒಂದು ಪುಕ್ಕಟೆ ಟೂಲ್ ಇದೆ, ಇನ್‌ಸ್ಟಾಲೂ ಮಾಡೋದು ಬೇಡ, ಹಾಗೇ ಓಡುತ್ತೆ, ಅವ್ರ ಸೈಟಿಂದಾನೇ ತಗೊಳ್ಳಿ, ಮತ್ತೆ ಹಸಿರು ಬಟನ್ ಹಿಂದೆ ಹೋಗ್ಬೇಡಿ ಮಾರಾಯ್ರೆ. ಕ್ರೋಮ್ ಒಳಗೇ ‘ಕ್ಲೀನ್ ಅಪ್ ಕಂಪ್ಯೂಟರ್’ ಅಂತ ಇದೆ ಅಂತ ಹಳೇ ವಿಡಿಯೋಗಳಲ್ಲಿ ಹೇಳ್ತಾರೆ, ಹುಡುಕಿ ಸುಸ್ತಾಗ್ಬೇಡಿ, ಅದನ್ನ ಗೂಗಲ್‌ನವ್ರು 2023ರಲ್ಲೇ ತೆಗೆದುಹಾಕಿದಾರೆ.

ಇಷ್ಟೆಲ್ಲ ಮಾಡಿದ್ಮೇಲೂ ಕ್ರೋಮ್ ತೆಗೆದ ತಕ್ಷಣ ಅದೇ ದರಿದ್ರ ಪೇಜ್ ಬಂದ್ರೆ ಎರಡು ಕಡೆ ನೋಡಿ. ಒಂದು, ಡೆಸ್ಕ್‌ಟಾಪ್ ಮೇಲಿರೋ ಕ್ರೋಮ್ ಶಾರ್ಟ್‌ಕಟ್. ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಟಾರ್ಗೆಟ್ ಅಂತ ಉದ್ದ ಸಾಲು ಇರುತ್ತೆ, ಅದು ‘ಕ್ರೋಮ್ ಡಾಟ್ ಇಎಕ್ಸ್‌ಇ’ಗೆ ಮುಗೀಬೇಕು, ಅದ್ರ ಮುಂದೆ ಒಂದು ಜಾಗ ಬಿಟ್ಟು ವೆಬ್‌ಸೈಟ್ ವಿಳಾಸ ಏನಾದ್ರೂ ಇದ್ರೆ ಕಳ್ಳ ಅಲ್ಲೇ ಕೂತಿದಾನೆ, ಅದಷ್ಟನ್ನ ಅಳಿಸಿ. ಎರಡನೇದು, ಕ್ರೋಮ್ ಮೆನುವಿನ ತಳದಲ್ಲಿ ‘ನಿಮ್ಮ ಸಂಸ್ಥೆ ಇದನ್ನ ನಿರ್ವಹಿಸ್ತಿದೆ’ ಅನ್ನೋ ಅರ್ಥದ ಇಂಗ್ಲಿಷ್ ಸಾಲು. ದೊಡ್ಡ ಆಫೀಸಿನ ಕಂಪ್ಯೂಟರಲ್ಲಿ ಅದು ಮಾಮೂಲು, ನಿಮ್ಮ ಅಂಗಡಿಯ ಸಂಸ್ಥೆ ಅಂದ್ರೆ ನೀವೊಬ್ರೇ ಅಲ್ವಾ, ಹಾಗಾಗಿ ಅದು ಕಂಡ್ರೆ ಅನುಮಾನ ಪಡಿ, ಅದನ್ನ ರಿಜಿಸ್ಟ್ರಿ ಅನ್ನೋ ವಿಂಡೋಸಿನ ಒಳಗಿನ ಸೆಟ್ಟಿಂಗ್ ಪಟ್ಟಿಯಿಂದ ತೆಗೀಬೇಕಾಗುತ್ತೆ, ಗೊತ್ತಿರೋರ ಕೈಲೇ ಮಾಡಿಸಿ.

ನುಡಿ ಬೇಕಿದ್ರೆ ಅದನ್ನ ಮಾಡಿದ ಕನ್ನಡ ಗಣಕ ಪರಿಷತ್ತಿನ ಸೈಟಿಂದಾನೇ ತಗೊಳ್ಳಿ. ಬರೀ ವಾಟ್ಸಾಪು, ಮೇಲು, ಅರ್ಜಿ ಅಂದ್ರೆ ಅದೂ ಬೇಡ, 2019ರಿಂದ ವಿಂಡೋಸ್ ಜೊತೆಗೇ ಇಂಗ್ಲಿಷ್ ಅಕ್ಷರ ಒತ್ತಿದ್ರೆ ಕನ್ನಡ ಮೂಡೋ ಫೊನೆಟಿಕ್ ಕೀಬೋರ್ಡ್ ಬರ್ತಿದೆ, ಭಾಷೆ ಸೆಟ್ಟಿಂಗಲ್ಲಿ ಸೇರಿಸ್ಕೊಂಡ್ರೆ ಮುಗೀತು. ಇನ್ನೊಂದು, ವಿಂಡೋಸ್ ಸೆಕ್ಯೂರಿಟಿಯಲ್ಲಿ ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ ಇಂಥ ಬಾಲದ ಸಾಫ್ಟ್‌ವೇರ್ ತಡೆಯೋ ಸ್ವಿಚ್ ಇದೆ, ಆನ್ ಇದೆಯಾ ನೋಡ್ಕೊಳ್ಳಿ, ಕ್ರ್ಯಾಕ್, ಅಂದ್ರೆ ಕದ್ದ ಸಾಫ್ಟ್‌ವೇರ್, ಹಾಕೋವಾಗ ಅಡ್ಡ ಬರುತ್ತೆ ಅಂತ ಎಷ್ಟೋ ಅಂಗಡಿಯವರು ಅದನ್ನ ಆಫ್ ಮಾಡಿಟ್ಟಿರ್ತಾರೆ.

ಪ್ರಶ್ನೆ: ಅಡುಗೆ ವಿಡಿಯೋ ಹುಡುಕ್ತಾ ಇದ್ದೆ, ಇದ್ದಕ್ಕಿದ್ದಂಗೆ ಪರದೆ ಪೂರ್ತಿ ನೀಲಿ ಆಗಿ ಕೂಗೋಕೆ ಶುರುವಾಯ್ತು, ಕಂಪ್ಯೂಟರ್ ಲಾಕ್ ಆಗಿದೆ, ಆಫ್ ಮಾಡ್ಬೇಡಿ, ಮೈಕ್ರೋಸಾಫ್ಟ್‌ಗೆ ಫೋನ್ ಮಾಡಿ ಅಂತ ನಂಬರ್ ಇತ್ತು. ಮಾಡಿದೆ. ಎನಿಡೆಸ್ಕ್ ಹಾಕ್ಕೊಳ್ಳಿ ಅಂದ್ರು, ಹಾಕ್ಕೊಂಡೆ, ಮೌಸ್ ತಾನಾಗೇ ಓಡಾಡೋಕೆ ಶುರು ಆಯ್ತು, ಹೆದರಿ ವೈರೇ ಕಿತ್ತೆ. ಈಗ ಏನಾದ್ರೂ ಆಗುತ್ತಾ?
— ಮೈಸೂರಿನಿಂದ

ಉತ್ತರ: ವೈರ್ ಕಿತ್ತಿದ್ದು ಭೇಷ್ ಮೇಡಂ, ಅದಕ್ಕಿಂತ ಒಳ್ಳೇ ಉಪಾಯ ನನ್ನ ಹತ್ರಾನೂ ಇಲ್ಲ. ಆ ನೀಲಿ ಪರದೆ ಒಂದು ವೆಬ್‌ಪೇಜ್ ಅಷ್ಟೇ, ಪರದೆ ತುಂಬ ಹಿಗ್ಗಿಸಿ ಮುಚ್ಚೋ ಗುರುತು ಕಾಣದ ಹಾಗೆ ಮಾಡಿರ್ತಾರೆ, ಲಾಕೂ ಇಲ್ಲ ಏನೂ ಇಲ್ಲ. ಎಸ್ಕೇಪ್ ಕೀ ಒತ್ತಿ ಹಿಡ್ಕೊಂಡ್ರೆ ಚಿಕ್ಕದಾಗುತ್ತೆ, ಇಲ್ಲಾಂದ್ರೆ ಆಲ್ಟ್ ಮತ್ತು ಎಫ್4, ಅದಕ್ಕೂ ಬಗ್ಗದಿದ್ರೆ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಬ್ರೌಸರಿಗೆ ಎಂಡ್ ಟಾಸ್ಕ್. ಮತ್ತೆ ಕ್ರೋಮ್ ತೆಗೆದಾಗ ಹಳೇ ಪೇಜ್ ರಿಸ್ಟೋರ್ ಮಾಡ್ಲಾ ಅಂತ ಕೇಳುತ್ತೆ, ಅಲ್ಲಿ ಮಾತ್ರ ಹೂಂ ಅನ್ಬೇಡಿ, ಅದೇ ನೀಲಿ ಮಾರಿ ವಾಪಸ್ ಬರುತ್ತೆ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರೋದೇ ಇಲ್ಲ.

ಎನಿಡೆಸ್ಕ್ ಕೆಟ್ಟ ಸಾಫ್ಟ್‌ವೇರ್ ಅಲ್ಲ, ದೂರದಿಂದ ರಿಪೇರಿ ಮಾಡೋರು ದಿನಾ ಬಳಸ್ತಾರೆ, ಆದ್ರೆ ಅದು ಪರದೆ ಮೇಲೆ ತೋರಿಸೋ ನಂಬರ್ ಹೇಳಿದ್ರೆ ಮನೆ ಬೀಗದ ಕೈ ಕೊಟ್ಟ ಹಾಗೆ. ನೆಟ್ ಕನೆಕ್ಟ್ ಮಾಡೋ ಮುಂಚೆ ಅದನ್ನ ಅನ್‌ಇನ್‌ಸ್ಟಾಲ್ ಮಾಡಿ, ಅವತ್ತು ಬಂದ ಬೇರೆ ಏನಾದ್ರೂ ಇದ್ರೆ ಅದನ್ನೂ, ಆಮೇಲೆ ಪೂರ್ತಿ ಸ್ಕ್ಯಾನ್. ಮೇಲ್ ಮತ್ತೆ ಬ್ಯಾಂಕ್ ಪಾಸ್‌ವರ್ಡುಗಳನ್ನ ಮಗನದೋ ಮಗಳದೋ ಫೋನಿಂದ ಬದಲಾಯಿಸಿ, ಆ ಕಂಪ್ಯೂಟರಿಂದ ಬೇಡ. ಆ ಹೊತ್ತಲ್ಲಿ ಬ್ಯಾಂಕ್ ಪೇಜ್ ತೆರೆದಿದ್ರೆ ಅಥವಾ ಕಾರ್ಡ್ ನಂಬರ್ ಹೇಳಿದ್ರೆ ಇದನ್ನ ಓದೋದು ಬಿಟ್ಟು ಮೊದಲು ಬ್ಯಾಂಕಿಗೆ ಫೋನ್ ಮಾಡಿ, ದುಡ್ಡು ಹೋಗಿದ್ರೆ ಸೈಬರ್ ಸಹಾಯವಾಣಿ 1930, ತಡ ಮಾಡಿದಷ್ಟೂ ದುಡ್ಡು ಒಂದು ಅಕೌಂಟಿಂದ ಇನ್ನೊಂದಕ್ಕೆ ದಾಟುತ್ತೆ.

ಮೋಸ ಹೋದೆ ಅಂತ ನಾಚ್ಕೋಬೇಡಿ ಮೇಡಂ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಅಂತ ದಾಳಿ ಮಾಡ್ತಲ್ಲ, ಅದ್ರಲ್ಲಿ ಮೈಕ್ರೋಸಾಫ್ಟ್, ಅಮೆಜಾನ್ ದೂರಿನ ಮೇಲೆ ಹಿಡಿದದ್ದು ನಮ್ಮ ದೇಶದಲ್ಲೇ ಕೂತು ಟೆಕ್ ಸಪೋರ್ಟ್ ಅಂತ ಸುಳ್ಳು ಹೇಳಿ ವಿದೇಶದವ್ರಿಗೆ ಟೋಪಿ ಹಾಕ್ತಿದ್ದ ಕಾಲ್ ಸೆಂಟರುಗಳನ್ನ. ಸಂಬಳ ತಗೊಂಡು, ಸ್ಕ್ರಿಪ್ಟ್ ಇಟ್ಕೊಂಡು ಇದನ್ನೇ ಕಸುಬು ಮಾಡ್ಕೊಂಡವರ ಮುಂದೆ ಅಡುಗೆ ವಿಡಿಯೋ ಹುಡುಕ್ತಿದ್ದವರು ಒಂದು ನಿಮಿಷ ತಬ್ಬಿಬ್ಬಾಗೋದು ಸಹಜ.

ಪ್ರಶ್ನೆ: ಸಾರ್ ನಾನು ಇಂಜಿನಿಯರಿಂಗ್ ಸ್ಟೂಡೆಂಟ್. ಕ್ರೋಮ್‌ಗೆ ಒಳ್ಳೇ ಆ್ಯಡ್ ಬ್ಲಾಕರ್ ಯಾವುದು? ಇನ್ನೊಂದು, ಸಿನಿಮಾ ಸೈಟಲ್ಲಿ ರೋಬೋಟ್ ಅಲ್ಲ ಅಂತ ತೋರಿಸೋಕೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ, ಎಂಟರ್ ಅಂತಿತ್ತು. ಮಾಡಿದೆ, ಏನೂ ಆಗ್ಲಿಲ್ಲ. ಅದು ಯಾಕೆ?
— ಹಾಸನದಿಂದ

ಉತ್ತರ: ಆ್ಯಡ್ ಬ್ಲಾಕರ್ ಮಾತು ಆಮೇಲೆ, ತಮ್ಮಾ, ಮೊದಲು ಆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡು. ವಿಂಡೋಸ್ ಮತ್ತು ಆರ್ ಒತ್ತಿದ್ರೆ ಬರೋದು ರನ್ ಡಬ್ಬಿ, ಅಲ್ಲಿ ಬರೆದಿದ್ದು ಕಂಪ್ಯೂಟರಿಗೆ ಕೊಡೋ ಆಜ್ಞೆ. ನೀನು ಆ ಸಿನಿಮಾ ಸೈಟಲ್ಲಿ ರೋಬೋಟ್ ಅಲ್ಲ ಅಂತ ಒತ್ತಿದಾಗಲೇ ಆ ಪೇಜು ಒಂದು ಕಮಾಂಡನ್ನ ನಿಂಗೆ ಗೊತ್ತಿಲ್ದಂಗೆ ಕಾಪಿ ಮಾಡಿಟ್ಟಿತ್ತು, ಪೇಸ್ಟ್ ಮಾಡಿ ಎಂಟರ್ ಒತ್ತಿದ್ದು ನೀನೇ, ಆಂಟಿವೈರಸ್ ಕೂಡ ಓನರೇ ಮಾಡ್ತಿದಾನೆ ಅಂತ ಸುಮ್ನಿರೋ ಸಾಧ್ಯತೆ ಜಾಸ್ತಿ. ಇದಕ್ಕೆ ಕ್ಲಿಕ್‌ಫಿಕ್ಸ್ ಅಂತಾರೆ, 2024ರಿಂದ ಹಾವಳಿ. ಏನೂ ಆಗ್ಲಿಲ್ಲ ಅಂದ್ಯಲ್ಲ, ಅದೇ ಭಯ, ಇದು ಜಾಹೀರಾತು ತೋರಿಸೋ ಸಾಮಾನಲ್ಲ, ಬ್ರೌಸರಲ್ಲಿ ಉಳಿಸಿಟ್ಟ ಪಾಸ್‌ವರ್ಡು, ಲಾಗಿನ್ ಎಲ್ಲ ಸದ್ದಿಲ್ಲದೇ ಹೊತ್ಕೊಂಡು ಹೋಗುವಂಥದ್ದು.

ಮೇಷ್ಟ್ರಿಗೆ ಫಾರ್ಮ್ಯಾಟ್ ಬೇಡ ಅಂದೆ, ನಿಂಗೆ ಬೇಕು ಅಂತೀನಿ. ಅದಕ್ಕೂ ಮುಂಚೆ ಫೋನಿಂದ ಜೀಮೇಲ್ ಪಾಸ್‌ವರ್ಡ್ ಬದಲಾಯಿಸು, ಎಲ್ಲಾ ಡಿವೈಸಿಂದ ಸೈನ್‌ಔಟ್ ಮಾಡು, ಆಮೇಲೆ ಇನ್‌ಸ್ಟಾಗ್ರಾಂ, ಬ್ಯಾಂಕು, ಕಾಲೇಜ್ ಪೋರ್ಟಲ್ ಒಂದೊಂದಾಗಿ. ಬ್ಯಾಕಪ್ ಅಂತ ಪೆನ್‌ಡ್ರೈವಿಗೆ ಫೋಟೋ, ಪ್ರಾಜೆಕ್ಟ್ ರಿಪೋರ್ಟ್ ಅಷ್ಟನ್ನೇ ಹಾಕ್ಕೋ, ಸೆಟಪ್ ಫೈಲುಗಳನ್ನ ಬಿಟ್ಬಿಡು.

ಆ್ಯಡ್ ಬ್ಲಾಕರಿಗೆ ಫೈರ್‌ಫಾಕ್ಸ್ ಆದ್ರೆ ಯುಬ್ಲಾಕ್ ಆರಿಜಿನ್, ಕ್ರೋಮ್ ಆದ್ರೆ ಅದರದ್ದೇ ಚಿಕ್ಕ ರೂಪ, ಯುಬ್ಲಾಕ್ ಆರಿಜಿನ್ ಲೈಟ್ ಅನ್ನೋದು, ಯಾಕಂದ್ರೆ ಗೂಗಲ್ ಎಕ್ಸ್‌ಟೆನ್ಶನ್ ನಿಯಮ ಬದಲಾಯಿಸಿದ್ಮೇಲೆ ಪೂರ್ತಿದು ಕ್ರೋಮಲ್ಲಿ ನಡೆಯಲ್ಲ. ಹೆಸರು ಅಕ್ಷರ ಅಕ್ಷರ ನೋಡಿ ಹಾಕು, 2017ರಲ್ಲಿ ಆ್ಯಡ್‌ಬ್ಲಾಕ್ ಪ್ಲಸ್ ಅನ್ನೋ ಅಸಲಿ ಬ್ಲಾಕರಿನ ಹೆಸರನ್ನೇ ಇಟ್ಕೊಂಡು ಒಂದು ನಕಲಿ ಗೂಗಲ್‌ನ ಸ್ವಂತ ಅಂಗಡಿಗೇ ನುಗ್ಗಿತ್ತು, ತೆಗೆಯೋಷ್ಟರಲ್ಲಿ 37,000 ಜನ ಹಾಕ್ಕೊಂಡಾಗಿತ್ತು, ಪಾಪ ಆ್ಯಡ್ ನಿಲ್ಲಿಸೋಕೆ ಹೋದವರಿಗೆ ಅದೂ ಆ್ಯಡ್ ಟ್ಯಾಬುಗಳನ್ನ ತೆಗೆದು ತೋರಿಸ್ತಿತ್ತು.