ಗಾಳಿಯಲ್ಲಿ ಹೋದ ಚೆಂಡಿಗೆ ಕೆಸರಿನ ಹಂಗಿಲ್ಲ

ಪತ್ರ: ನಮ್ಮ ಕಡೆಯ ಮಳೆಗಾಲದ ಫುಟ್‌ಬಾಲ್ ಪಂದ್ಯಗಳಲ್ಲಿ ಹಿಂದಿನಿಂದ ಒಬ್ಬ ಚೆಂಡನ್ನು ಮುಂದಕ್ಕೆ ಒದೆಯುತ್ತಾನೆ, ಉಳಿದವರೆಲ್ಲ ಅದರ ಹಿಂದೆ ಓಡುತ್ತಾರೆ. ಕಳೆದ ಸಂಚಿಕೆಯಲ್ಲಿ ಇದನ್ನು ನೀವು ಹೊಗಳಿದ್ದೀರಿ. ಪಾಸ್ ಕೊಡಲು ಬಾರದವರ ಒದೆತವನ್ನು ಹೊಗಳುವುದೇಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಸಂಪಾದಕರ ಉತ್ತರ: ಮಾನ್ಯರೇ, ಹೊಗಳಿದ್ದು ನಿಜ, ಈಗಲೂ ಹೊಗಳುತ್ತೇನೆ. ಶಿವಮೊಗ್ಗದಲ್ಲಿ ಕುಳಿತ ನಮಗೆ ನಿಮ್ಮಷ್ಟು ಮಳೆಯಿಲ್ಲ. ಆಗುಂಬೆಯ ಮೋಡ ಇರುವುದು ನಿಮ್ಮ ಪಕ್ಕದಲ್ಲಿ. ಜುಲೈ ತಿಂಗಳ ಮೈದಾನದಲ್ಲಿ ನೆಲದ ಪಾಸ್ ಅರ್ಧ ದಾರಿಯಲ್ಲೇ ನೀರಿನಲ್ಲಿ ನಿಂತುಬಿಡುತ್ತದೆ. ಅದು ನಮ್ಮದೇ ಗೋಲಿನ ಮುಂದೆ ನಿಂತರೆ ಎದುರಾಳಿಗೆ ಬೇರೆ ಉಡುಗೊರೆ ಬೇಕಿಲ್ಲ. ಎತ್ತರದ ಚೆಂಡು ತಪ್ಪಿದರೂ ದೂರದಲ್ಲಿ ತಪ್ಪುತ್ತದೆ.

ಆದರೆ ನೀವು ಬಣ್ಣಿಸಿದ ಓಟವನ್ನು ನಾನು ಲಾಂಗ್ ಬಾಲ್, ಅಂದರೆ ಹಿಂದಿನಿಂದ ಉದ್ದಕ್ಕೆ ಒದ್ದು ಮುಂದೆ ಹಿಡಿಯುವ ಆಟ, ಎನ್ನುವುದಿಲ್ಲ. ಎತ್ತರದ ಆಟಗಾರ ತಲೆಯಿಂದ ಕೆಡವಿದ ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಊಹಿಸಿ ಇಬ್ಬರು ಅಲ್ಲಿರಬೇಕು. ಆ ಎರಡನೆಯ ಚೆಂಡು ಯಾರಿಗೆ ಸಿಗುತ್ತದೋ ಆಟ ಅವರದು. ಡಿಫೆಂಡರ್‌ಗಳೂ ಒಡನೆಯೇ ಮುಂದೆ ಬರಬೇಕು. ಹಿಂದೆಯೇ ಉಳಿದರೆ ನಡುವೆ ಬಯಲು ಬಿಟ್ಟುಕೊಟ್ಟಂತೆ. ಎಲ್ಲರೂ ಚೆಂಡಿನ ಹಿಂದೆ ಓಡಿದರೆ ಇದಾವುದೂ ಆಗುವುದಿಲ್ಲ.

ಎಗಿಲ್ ಓಲ್ಸೆನ್ ತರಬೇತಿಯ ನಾರ್ವೆಯನ್ನು ನೋಡಿ. ಎತ್ತರದ ಯೋಸ್ಟೆಯಿನ್ ಫ್ಲೋ ಅವರನ್ನು ನಡುವೆ ನಿಲ್ಲಿಸದೆ ಬಲ ಅಂಚಿಗೆ ಕಳುಹಿಸಿದರು. ಎದುರಾಳಿಯ ಎತ್ತರದ ಡಿಫೆಂಡರ್‌ಗಳು ನಡುವೆ ಇರುತ್ತಾರೆ, ಅಂಚಿನ ಬ್ಯಾಕ್ ಸಾಮಾನ್ಯವಾಗಿ ಕುಳ್ಳ. ಎಡಗಡೆಯಿಂದ ಓರೆಯಾಗಿ ಬಂದ ಉದ್ದನೆಯ ಚೆಂಡು ಅವನಿಗೆ ಎಟುಕುವುದೆಲ್ಲಿ? 1938ರ ನಂತರ ವಿಶ್ವಕಪ್ ಕಾಣದಿದ್ದ ದೇಶ 1994ರಲ್ಲಿ ಅಲ್ಲಿಗೆ ತಲುಪಿತು. 1998ರಲ್ಲಿ ಬ್ರೆಜಿಲ್ ತಂಡವನ್ನು 2–1ರಿಂದ ಸೋಲಿಸಿತು. ನೋಡಲು ಚೆಂದವಿತ್ತೇ ಎಂದು ಕೇಳಬೇಡಿ.

ಪಾಸ್ ಬಾರದವರ ಆಟ ಎಂಬ ಮಾತಿಗೆ ಇದೇ ಆಟವಾಡಿದ ವಾಟ್‌ಫರ್ಡ್ ಉತ್ತರ. ಗ್ರಹಾಂ ಟೇಲರ್ 1977ರಲ್ಲಿ ತರಬೇತುದಾರರಾಗಿ ಬಂದಾಗ ಇಂಗ್ಲೆಂಡಿನ ನಾಲ್ಕನೆಯ ಡಿವಿಜನ್‌ನಲ್ಲಿದ್ದ ಈ ತಂಡ, 1983ರಲ್ಲಿ ಮೊದಲ ಡಿವಿಜನ್‌ನಲ್ಲಿ ಲಿವರ್‌ಪೂಲ್ ಹಿಂದೆ ಎರಡನೆಯ ಸ್ಥಾನ ಪಡೆಯಿತು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುತ್ತಿದ್ದ ಜಾನ್ ಬಾರ್ನ್ಸ್ ಬೆಳೆದದ್ದು ಅದೇ ತಂಡದಲ್ಲಿ.

ಇನ್ನು, ಲಾಂಗ್ ಬಾಲ್ ಪರ ವಕಾಲತ್ತು ವಹಿಸುವವರು ಚಾರ್ಲ್ಸ್ ರೀಪ್ ಅವರ ಅಂಕಿಅಂಶಗಳನ್ನು ತರುತ್ತಾರೆ. 1950ರಿಂದ ಪಂದ್ಯಗಳಿಗೆ ಹೋಗಿ ಪಾಸ್‌ಗಳನ್ನು ಗುರುತು ಹಾಕಿಕೊಂಡ ಅವರು, ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳಲ್ಲಿ ಬರುತ್ತವೆ ಎಂದರು. ಈ ವಾದ ನನಗೆ ಒಪ್ಪಿಗೆಯಿಲ್ಲ. ಆಟದ ಬಹುಪಾಲು ನಡೆಗಳು ಅಷ್ಟರಲ್ಲೇ ಮುಗಿಯುವಾಗ ಹೆಚ್ಚು ಗೋಲುಗಳೂ ಅಲ್ಲಿಂದಲೇ ಬರುವುದರಲ್ಲಿ ಏನು ವಿಶೇಷ? ನನ್ನ ವಾದಕ್ಕೆ ಕೆಸರೇ ಸಾಕು.

ನಿಮ್ಮ ಹುಡುಗರಿಗೆ ಒಂದು ವಿಷಯ ಹೇಳಿ: ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ (ಡಿಫೆಂಡರ್‌ಗಳ ಆಚೆ ನಿಂತು ಚೆಂಡು ಪಡೆಯುವ ತಪ್ಪು) ಇಲ್ಲ. ಓಟಗಾರನೊಬ್ಬನನ್ನು ಡಿಫೆಂಡರ್‌ಗಳ ಆಚೆ ನಿಲ್ಲಿಸಿ ನೋಡಲಿ. ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೂ ಅವರು ಬರೀ ಒದೆಯುತ್ತಲೇ ಇದ್ದರೆ ಇನ್ನೊಂದು ಪತ್ರ ಬರೆಯಿರಿ. ಆಗ ನಾನು ನಿಮ್ಮ ಪಕ್ಷ.